ಅಕ್ಟೋಬರಿನಲ್ಲಿ ಎಲೆ ಉದುರಿಸುವ ಕೆಲಸ

ನಾನು ಮಿಸ್ ಆಗಿರುವ ಪ್ಲೇ ಹೋಮ್‌ಗೆ ತಿಂಗಳಿಗೊಂದು ರಟ್ಟಿನ ಪೆಟ್ಟಿಗೆ ಬರುತ್ತದೆ. ಮಕ್ಕಳಿಗೆ ಏನು ಕಲಿಸಬೇಕು, ಗೋಡೆಗೆ ಏನು ಅಂಟಿಸಬೇಕು ಎಲ್ಲ ಅದರೊಳಗೇ ಇರುತ್ತದೆ. ಅಕ್ಟೋಬರಿನ ಪೆಟ್ಟಿಗೆ ಬಿಚ್ಚಿದರೆ ಕೇಸರಿ ಬಣ್ಣದ ಮೇಪಲ್ ಎಲೆ, ಅಳಿಲು, ಹಲ್ಲು ಕಿರಿಯುವ ಕುಂಬಳಕಾಯಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಬೆದರುಬೊಂಬೆ. ಜೊತೆಗೊಂದು ಚೀಟಿ: ‘ಮಕ್ಕಳನ್ನು ಹೊರಗೆ ಕರೆದೊಯ್ದು ಉದುರಿದ ಬಣ್ಣದ ಎಲೆಗಳನ್ನು ಆಯಿಸಿ.’

ಹೊರಗೆ ಮಳೆ. ಬೆಂಗಳೂರಿಗೆ ವರ್ಷದಲ್ಲೇ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಬೀದಿಯ ಹೊಂಗೆ, ಮಾವು, ಸಂಪಿಗೆಗಳೆಲ್ಲ ತಲೆಗೆ ಎರೆದುಕೊಂಡು ಬಂದವರ ಹಾಗೆ ಹಚ್ಚಗೆ ನಿಂತಿವೆ. ಚಳಿ ದೇಶದ ಮರಗಳು ಹಗಲು ಮೊಟಕಾಗುತ್ತಿದ್ದಂತೆ ಎಲೆಯ ಹಸಿರನ್ನು ಕಳೆದುಕೊಳ್ಳುತ್ತವೆ, ಒಳಗೆ ಅಡಗಿದ್ದ ಹಳದಿ ಆಚೆ ಬರುತ್ತದೆ. ನಮ್ಮ ಮರಗಳಿಗೆ ಇರುವುದು ನೀರಿನ ಚಿಂತೆ. ಸಂಕ್ರಾಂತಿ ಕಳೆದು ನೆಲ ಒಣಗಿದ ಮೇಲೆ ಉದುರಿಸಲು ಶುರುಮಾಡಿ, ಯುಗಾದಿ ಹೊತ್ತಿಗೆ ಹೊಸದು ಉಟ್ಟು ನಿಲ್ಲುತ್ತವೆ. ಪೆಟ್ಟಿಗೆ ಕಳಿಸುವವರಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ. ‘ಥೀಮ್ ಚೇಂಜ್ ಮಾಡೋಕಾಗಲ್ಲ ಮ್ಯಾಮ್, ಫೋಟೋ ಕಳಿಸಿ’ ಎಂದರು.

ಸರಿ, ಡೈರಿಯಲ್ಲಿ ಬರೆದು ಕಳಿಸಿದೆವು: ‘ನಾಳೆ ಪ್ರತಿ ಮಗುವೂ ಒಂದು ಕೆಂಪು ಅಥವಾ ಹಳದಿ ಎಲೆ ತರಬೇಕು.’ ಪೋಷಕರ ವಾಟ್ಸಾಪ್ ಗುಂಪು ಅಂದು ರಾತ್ರಿ ಮಲಗಲಿಲ್ಲ. ‘ಎಲ್ಲಿ ಸಿಗುತ್ತೆ ಮಿಸ್?’ ‘ಸೈಜ್ ಎಷ್ಟಿರಬೇಕು?’ ಒಬ್ಬ ತಂದೆಯಂತೂ ಹತ್ತು ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಆ್ಯಪ್‌ನಲ್ಲಿ ಹುಡುಕಿ, ಸ್ಟಾಕ್ ಇಲ್ಲ ಎನ್ನುವ ಸ್ಕ್ರೀನ್‌ಶಾಟ್ ಹಾಕಿದರು.

ಬೆಳಿಗ್ಗೆ ಬಂದ ಎಲೆಗಳನ್ನು ನೀವು ನೋಡಬೇಕಿತ್ತು. ಒಬ್ಬಳು ಅಜ್ಜಿಯ ಸಂಚಿಯಿಂದ ಹಣ್ಣಾದ ವೀಳ್ಯದೆಲೆ ತಂದಿದ್ದಳು, ತೊಟ್ಟು ಮುರಿದು ಸುಣ್ಣ ಸವರಿ ಅರ್ಧ ತಯಾರಾಗಿದ್ದದ್ದು. ಇನ್ನೊಬ್ಬನದು ಪಲಾವ್ ಎಲೆ. ಅದಕ್ಕಂಟಿದ ಚಕ್ಕೆ ಲವಂಗದ ವಾಸನೆಗೆ ಇಡೀ ಕ್ಲಾಸಿಗೆ ಹತ್ತು ಗಂಟೆಗೇ ಹಸಿವಾಯಿತು. ಮತ್ತೊಬ್ಬಳ ಅಪ್ಪ ಒಂದು ಕ್ರೋಟನ್ ಗಿಡವನ್ನು ಕುಂಡದ ಸಮೇತ ಸ್ಕೂಟರಿನಲ್ಲಿ ತಂದಿಳಿಸಿ, ‘ಸಂಜೆ ವಾಪಸ್ ಕೊಟ್ಬಿಡಿ ಮಿಸ್, ಓನರ್ ಆಂಟೀದು. ಅವರಿಗೆ ಗೊತ್ತಿಲ್ಲ’ ಎಂದು ಗೇಟಿನತ್ತ ಒಂದು ಕಣ್ಣಿಟ್ಟುಕೊಂಡೇ ಹೇಳಿದರು.

ಚೀಟಿಯಲ್ಲಿ ಹೇಳಿದಂಥ ಎಲೆ ಬಂದದ್ದು ಒಂದೇ: ಅಂಗೈಗಿಂತ ಅಗಲವಾದ, ಅಪ್ಪಟ ಕೆಂಪಿನ ಕಾಡುಬಾದಾಮಿ ಎಲೆ. ಕಾಲ ಯಾವುದೇ ಇರಲಿ, ಆ ಮರದಲ್ಲಿ ಹುಡುಕಿದರೆ ನಾಲ್ಕು ಕೆಂಪೆಲೆ ಸಿಗುತ್ತವೆ. ಎಲ್ಲರೂ ಮುಗಿಬಿದ್ದು ನೋಡುವಾಗ ಎಲೆ ಅಡಿಯಿಂದ ಒಂದು ಕಂಬಳಿಹುಳು ನಿಧಾನವಾಗಿ ತಲೆ ಎತ್ತಿತು. ಅರ್ಧ ಕ್ಲಾಸು ಬೆಂಚು ಹತ್ತಿತು, ಇನ್ನರ್ಧ ಮುಟ್ಟಲು ಬೆರಳು ಚಾಚಿತು. ಆಯಮ್ಮ ಪೊರಕೆ ತಂದರೆ ‘ಸಾಯಿಸ್ಬೇಡಿ!’ ಎಂದು ಎರಡೂ ಪಕ್ಷ ಒಂದಾಗಿ ಕೂಗಿದವು. ಕೊನೆಗೆ ಆಯಮ್ಮ ಪೊರಕೆಯ ತುದಿಯಲ್ಲಿ ಅದನ್ನು ಕೂರಿಸಿಕೊಂಡು ಮುಂದೆ, ಮಕ್ಕಳೆಲ್ಲ ಹಿಂದೆ, ತುಂತುರು ಮಳೆಯಲ್ಲೇ ಕಾಂಪೌಂಡ್ ಮೂಲೆಯ ದಾಸವಾಳ ಗಿಡದವರೆಗೆ ಮೆರವಣಿಗೆ ಹೋಯಿತು. ಚೀಟಿಯಲ್ಲಿದ್ದ ‘ಪ್ರಕೃತಿ ನಡಿಗೆ’ಗೆ ನಾನು ಟಿಕ್ ಹಾಕಿದೆ.

ಮೆರವಣಿಗೆಯ ರುಚಿ ಹತ್ತಿದ್ದು ಅಲ್ಲಿಂದಲೇ ಇರಬೇಕು. ದಸರಾ ಹತ್ತಿರ ಬರುತ್ತಿದ್ದಂತೆ ಕ್ಲಾಸಿನಲ್ಲಿ ದಿನಾ ಜಂಬೂಸವಾರಿ. ಮೈಸೂರಿನಲ್ಲಿ 2020ರಿಂದ ಅಂಬಾರಿ ಹೊರುತ್ತಿರುವುದು ಅಭಿಮನ್ಯು ಎಂಬ ಆನೆ. ನಮ್ಮಲ್ಲಿ ಗಂಡುಮಕ್ಕಳೆಲ್ಲರೂ ಅಭಿಮನ್ಯುಗಳೇ, ಮಾವುತನಾಗಲು ಒಬ್ಬನೂ ಒಪ್ಪುವುದಿಲ್ಲ. ನಿಜವಾದ ಅಂಬಾರಿಯ ತೂಕ 750 ಕೆ.ಜಿ. ಎನ್ನುತ್ತಾರೆ. ನಮ್ಮ ಅಂಬಾರಿಯ ತೂಕ ಹದಿನಾರೇ ಕೆ.ಜಿ., ಆದರೆ ಅದು ಮೇಲೆ ಕೂತು ಚಕ್ಕುಲಿ ತಿನ್ನುತ್ತದೆ, ಪುಡಿಯೆಲ್ಲ ಆನೆಯ ಕಿವಿಯೊಳಗೆ.

ರಜೆ ಬಿಡುವ ದಿನ ಆಯುಧಪೂಜೆ. ಜಾರುಬಂಡೆಗೆ, ಕ್ರೇಯಾನ್ ಡಬ್ಬಕ್ಕೆ, ಆಯಮ್ಮನ ಪೊರಕೆಗೂ ಅರಿಸಿನ ಕುಂಕುಮ ಏರಿತು. ವ್ಯಾನ್ ಡ್ರೈವರ್ ಅಣ್ಣ ಚಕ್ರದಡಿ ನಿಂಬೆಹಣ್ಣಿಟ್ಟು, ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ, ಚಿಲ್ಲರೆ ತುಂಬಿ, ನಿವಾಳಿಸಿ ಗೇಟಿನ ಮುಂದೆ ಒಡೆದರು. ದುಡ್ಡಿಗೆ ಹಾರಿದ ಮಕ್ಕಳು ಯೂನಿಫಾರ್ಮ್ ತುಂಬ ಕೆಂಪಾಗಿ ಎದ್ದವು.

ಪೆಟ್ಟಿಗೆಯಲ್ಲಿ ಬಂದಿದ್ದ ಕುಂಬಳಕಾಯಿ ಹಾಳೆಗೆ ಬಣ್ಣ ತುಂಬುವುದು ರಜೆಯ ಹೋಂವರ್ಕ್. ಮರುದಿನವೇ ಒಬ್ಬರು ತಾಯಿಯ ಫೋನು.

‘ಮಿಸ್, ಇವನು ಕುಂಬಳಕಾಯಿ ಹೊಟ್ಟೆ ಸೀಳಿ ರಕ್ತ ಬರೆದಿದ್ದಾನೆ. ಮನೇಲಿ ನಾವು ಅಂಥದ್ದೇನೂ ನೋಡಲ್ಲ. ಕೌನ್ಸೆಲರ್‌ಗೆ ತೋರಿಸ್ಬೇಕಾ?’

‘ಅದು ಕುಂಕುಮ ಮೇಡಂ. ಮಧ್ಯೆ ಗುಂಡಗಿದೆಯಲ್ಲ, ಅದು ಎರಡು ರೂಪಾಯಿ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಓ... ಆ ದುಡ್ಡು ಇವನಿಗೇ ಸಿಕ್ತಾ ಮಿಸ್?’

ರಜೆ ಮುಗಿಸಿ ವಿಜಯಪುರದ ಅಜ್ಜಿ ಮನೆಯಿಂದ ಬಂದ ಪುಟ್ಟಿ, ಬ್ಯಾಗ್ ಇಳಿಸುವ ಮೊದಲೇ ಮುದುಡಿದ ಬನ್ನಿ ಎಲೆಗಳನ್ನು ನನ್ನ ಕೈಗೆ ತುರುಕಿ, ‘ಬಂಗಾರ ತಗೋರಿ ಮಿಸ್’ ಎಂದಳು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಹೋಗಿ ಹಂಚಿದಳು. ಬೆಂಗಳೂರಿನ ಮಕ್ಕಳಿಗೆ ಅದು ಎಲೆಯೋ ಬಂಗಾರವೋ ತಿಳಿಯಲಿಲ್ಲ. ಒಬ್ಬ ತಿಂದು ನೋಡಿದ. ಉಳಿದದ್ದನ್ನು ವೀಳ್ಯದೆಲೆ, ಪಲಾವ್ ಎಲೆಗಳ ಪಕ್ಕ ಚಾರ್ಟಿನ ಮರಕ್ಕೆ ಫೆವಿಕಾಲ್ ಹಚ್ಚಿ ಅಂಟಿಸಿದೆವು. ಪ್ರಪಂಚದ ಯಾವ ಕಾಡಿನಲ್ಲೂ ಅಂಥ ಮರ ಇರಲಾರದು. ಫೋಟೋ ತೆಗೆದು ಕಳಿಸಿದೆ. ‘ಸೂಪರ್ ಮ್ಯಾಮ್, ಎಕ್ಸಾಕ್ಟ್ಲಿ ಥೀಮ್ ಪ್ರಕಾರ ಇದೆ’ ಎಂದು ಉತ್ತರ ಬಂತು.

ಮೊನ್ನೆ ಡಿಸೆಂಬರಿನ ಪೆಟ್ಟಿಗೆಯೂ ಬಂದಿದೆ. ಹತ್ತಿಯಲ್ಲಿ ಹಿಮಮಾನವ ಮಾಡಿಸಬೇಕಂತೆ. ಆಯಮ್ಮ ಚಿತ್ರವನ್ನು ಮೇಲಿಂದ ಕೆಳಗೆ ನೋಡಿದರು.

‘ಹತ್ತಿ ದುಡ್ಡು ಕೊಟ್ಟು ತರಬೇಡಿ ಮಿಸ್. ಕಾರ್ತೀಕಕ್ಕೆ ಬತ್ತಿ ಹೊಸೆದು ಮಿಕ್ಕಿದ್ದು ಮನೇಲಿ ಒಂದು ಚೀಲ ಇದೆ. ಇವನಿಗೆ ಹಣೆಗೇನು, ವಿಭೂತಿನೋ ನಾಮಾನೋ?’