ಅರ್ಧ ತಾಸು ಕೊಡ್ರಿ, ‘ಹಲೋ ಹಲೋ’ ನೀವ ಇಟ್ಕೋರಿ

ನಿನ್ನೆ ಸಂಜಿಮುಂದ ಧಾರವಾಡದಾಗ ಒಂದು ಗಾಯನ ಕಾರ್ಯಕ್ರಮ. ಯಾವ ಸಭಾಭವನ, ಯಾರು ಸಂಘಟಕರು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ. ಆರು ಗಂಟೆಗೆ ಅಂತ ಕಾರ್ಡಿನ್ಯಾಗ ಅಚ್ಚಾಗಿತ್ತು. ಐದೂವರಿಗೆ ಸೌಂಡಿನ ಹುಡುಗ, "ಸರ್ರ, ಅರ್ಧ ತಾಸು ಎಲ್ಲಾರನ್ನೂ ಕೂಡಿಸಿ ಸೌಂಡ್ ಚೆಕ್ ಮಾಡೂಣು" ಅಂದ. ಸಂಘಟಕರ ಉತ್ತರ: "ಚೆಕ್ ಏನ್ ಮಾಡ್ತಿಯೋ ತಮ್ಮಾ, ಹಲೋ ಅನ್ನು, ಕೇಳಿಸಿದ್ರ ಆತು."

ಹಲೋ ಅಂದ. ಕೇಳಿಸ್ತು. ಆತು!

ಆಮ್ಯಾಲ ಸ್ವಾಗತಕ್ಕ ಇಪ್ಪತ್ತು ನಿಮಿಷ, ಶಾಲು-ಹಾರಕ್ಕ ಹತ್ತು ನಿಮಿಷ, ಅಧ್ಯಕ್ಷರ "ಎರಡ ಮಾತಿಗೆ" ಇಪ್ಪತ್ತೈದು ನಿಮಿಷ. ಇದಕ್ಕೆಲ್ಲ ಟೈಮ್ ಇತ್ತು ನೋಡ್ರಿ.

ಹಾಡು ಶುರುವಾದ ಎರಡನೇ ನಿಮಿಷಕ್ಕ ಗಾಯಕರು ಬೆರಳು ಮ್ಯಾಲ ಮಾಡಿದ್ರು, ಅಂದ್ರ ಮಾನಿಟರ್ (ಗಾಯಕರಿಗೆ ಅವರ ದನಿ ಕೇಳಿಸೋ ವೇದಿಕೆ ಮ್ಯಾಲಿನ ಸ್ಪೀಕರ್) ಏರಿಸು. ಹುಡುಗ ಏರಿಸಿದ. ಸ್ಪೀಕರಿನ ದನಿ ಮೈಕಿಗೆ ವಾಪಸ್ ಹೊಕ್ಕು ಕುಂಯ್ ಅಂತ ಸೀಟಿ ಹೊಡೀತು. ಇಳಿಸಿದ. ಮತ್ತ ಬೆರಳು ಮ್ಯಾಲ. ನಿಧಾನ ಲಯದ ವಿಲಂಬಿತ್ ಖ್ಯಾಲ್ ಅಷ್ಟೂ ಈ ಬೆರಳಾಟದಾಗ ಮುಗೀತು. ತಡಕೊಳ್ಳಾಕ ಆಗದ ಎದ್ದು ವೇದಿಕೆ ಹತ್ರ ಹೋಗಿ ನೋಡಿದ್ರ, ಭಾಷಣದ ಪೋಡಿಯಂ ಮೈಕ್ ಇನ್ನೂ ಆನ್! ಅಧ್ಯಕ್ಷರು ಮುಂದಿನ ಸಾಲಿನ್ಯಾಗ ಚಹಾ ಕುಡಿಯಾಕತ್ತಿದ್ರು, ಅವರ ಮೈಕ್ ಮಾತ್ರ ಸ್ಪೀಕರ್ ಕಡೆ ಕಿವಿ ಕೊಟ್ಟು ಡ್ಯೂಟಿ ಮಾಡಾಕತ್ತಿತ್ತು. ತೆರೆದ ಮೈಕ್ ಎರಡು ಪಟ್ಟು ಆದಾಗೆಲ್ಲ, ಸೀಟಿ ಹೊಡೆಯೂದಕ್ಕಿಂತ ಮೊದಲ ಸಿಗೋ ದನಿ 3 ಡೆಸಿಬೆಲ್ ಕಡಿಮಿ ಆಗತೈತಿ. ಐದು ಮೈಕ್ ಸಾಕಾಗೋ ಬೈಠಕ್ಕಿಗೆ ಹತ್ತು ತೆರೆದಿಟ್ಟು "ಫೀಡ್‌ಬ್ಯಾಕ್ ಬರಾಕತ್ತೈತ್ರಿ" ಅಂದ್ರ, ಬರಲಾರದ ಏನು ಮಾಡತೈತಿ?

ಎರಡನೇದು, ಯಾವ ಕಡೆಯ ದನಿ ಕೇಳತೈತಿ ಅನ್ನೋದರ ಮ್ಯಾಲ ಮೈಕಿನ್ಯಾಗ ಜಾತಿ ಅದಾವ. ಗಾಯಕರ ಮೈಕ್ ಸೂಪರ್‌ಕಾರ್ಡಿಯಾಯ್ಡ್, ಮಾನಿಟರ್ ಇಟ್ಟದ್ದು ನೆಟ್ಟಗ ಅದರ ಬೆನ್ನಿಗೆ. ಸಾದಾ ಕಾರ್ಡಿಯಾಯ್ಡ್ ಮೈಕಿಗೆ ಬೆನ್ನು ಕಿವುಡು, ಅಲ್ಲೇ ಇಡಬೇಕು, ಖರೆ. ಸೂಪರ್‌ಕಾರ್ಡಿಯಾಯ್ಡ್‌ಗೆ ಹಂಗಲ್ಲ. ಅದು ಬೆನ್ನ ಹಿಂದಿಂದೂ ಸ್ವಲ್ಪ ಕೇಳತೈತಿ. ಅದು ಕಿವುಡ ಇರೋದು ಮುಂದಿನಿಂದ ಸುಮಾರು 125 ಡಿಗ್ರಿ ಓರೆಯೊಳಗ. ಮಾನಿಟರ್ ಒಂದು ಕಡೆ ಸರಿಸಿ ಓರೆ ಇಟ್ಟಿದ್ರ ಅರ್ಧ ಸೀಟಿ ಅಲ್ಲೇ ಸಾಯತಿತ್ತು. ಇದನ್ನ ಕಂಡುಹಿಡಿಯಾಕ ಎಷ್ಟು ಹೊತ್ತು ಬೇಕು? ಸೌಂಡ್ ಚೆಕ್ ಇದ್ದಿದ್ರ ನಾಕು ನಿಮಿಷ.

ನನ್ನ ಸಿಟ್ಟು ಇಷ್ಟ. ಆ ಅರ್ಧ ತಾಸು. ಅದನ್ನ ಯಾರೂ ಕೊಡಂಗಿಲ್ಲ, ನಮ್ಮ ಫ್ರೀಲಾನ್ಸ್ ಹುಡುಗರು ಗಟ್ಟಿಯಾಗಿ ಕೇಳಂಗೂ ಇಲ್ಲ.

ಅರ್ಧ ತಾಸಿನ್ಯಾಗ ಏನು ಮಾಡತೀರಿ ಅಂತ ಕೇಳೋರಿಗೆ ಹೇಳತೀನಿ. ಮೊದಲ ತಂಬೂರಿ. ಅದರ ಜೀವಾ ಇರೋದು ಜವಾರಿಯೊಳಗ, ಅಂದ್ರ ತಂತಿಯ ಝೇಂಕಾರದಾಗ. ಮೈಕ್ ಕೆಳಗ ಕುಂಬಳದ ಕಡೆ ಇಟ್ರ ಬರೇ ಗುಂಯ್ ಅಂತೈತಿ, ಕುದುರಿ (ತಂತಿ ಹಾಯೋ ಸೇತುವಿ) ಹತ್ರ ಒಂದು ಗೇಣು ದೂರ ಹಿಡಿದ್ರ ತಂತಿಯ ಎಳಿ ಎಳಿ ಬಿಡಿಸಿ ಕೇಳತೈತಿ. ಮಾನಿಟರ್‌ನ್ಯಾಗ ಅದು ದನಿಗಿಂತ ಕೆಳಗ ಇರಬೇಕು. ಮ್ಯಾಲ ಹೋತು ಅಂದ್ರ ಗಾಯಕರ ಮೈಕೊಳಗ ಹೊಕ್ಕು, ಮತ್ತ ಸ್ಪೀಕರಿಗೆ ಬಂದು, ಸುತ್ತು ಹೊಡಿಯಾಕ ಚಾಲೂ ಮಾಡತೈತಿ. ಆಮ್ಯಾಲ ದನಿ. ಗಾಯಕರಿಗೆ "ಹಲೋ ಅನ್ರಿ" ಅನಬಾರದು. ಒಂದು ಸಣ್ಣ ಆಲಾಪ, ಒಂದು ಜೋರು ತಾನ್, ಎರಡನ್ನೂ ಹಾಡಿಸಬೇಕು. ಇವೆರಡರ ನಡುವ 20 ಡೆಸಿಬೆಲ್ ಅಂತರ ಆರಾಮ ಇರತೈತಿ. ಗೇನ್ (ಮೈಕಿನ ದನಿ ಮಿಕ್ಸರಿಗೆ ಎಷ್ಟು ಬರಬೇಕು ಅನ್ನೋ ಗುಂಡಿ) ಇಡೋದು ತಾನಿಗೆ, ಆಲಾಪಕ್ಕಲ್ಲ. ಡಿಜಿಟಲ್ ಮೀಟರಿನ ಮ್ಯಾಲ ತಾನಿನ ತುದಿ ಮೈನಸ್ 12ರ ಆಜುಬಾಜು ನಿಲ್ಲಲಿ, ಮ್ಯಾಲ ಜಾಗ ಇರಲಿ. ಆಲಾಪ ಸಣ್ಣ ಕೇಳತೈತಿ ಅಂತ ಗೇನ್ ಏರಿಸಿದಾವ ಹತ್ತನೇ ನಿಮಿಷಕ್ಕ ಕೆಂಪು ದೀಪ ನೋಡಿ ಬೆವರತಾನ.

ತಬಲಾಕ್ಕ ಒಂದು ಮೈಕ್, ಡಗ್ಗಾಕ್ಕ ಒಂದು, ನಾಕೈದು ಇಂಚು ಮ್ಯಾಲ, ಅಂಚಿನ ಕಡೆ ಮುಖ ಮಾಡಿ. ಪೇಟಿಗೆ (ಹಾರ್ಮೋನಿಯಂ) ಒಂದ ಸಾಕು, ಗಾಳಿ ಹಾಕೋ ಹಲಗಿ ಕಡೆ ಬ್ಯಾಡ, ಇಲ್ಲಾಂದ್ರ ಟಪ್ ಟಪ್ ಅಂತ ಬಾಗಿಲು ಬಡದಂಗ ಕೇಳತೈತಿ. ಇಷ್ಟಾದ ಮ್ಯಾಲ ಮಾನಿಟರ್ ನಿಧಾನಕ್ಕ ಏರಿಸಿ, ಮೊದಲ ಯಾವ ಸ್ವರ ಸೀಟಿ ಹೊಡೀತೈತಿ ಅಂತ ಹಿಡದು, ಇಕ್ವಲೈಸರಿನ್ಯಾಗ (ಒಂದೊಂದು ಸ್ವರದ ಮಟ್ಟ ಏರಿಸಿ-ಇಳಿಸೋ ಗುಂಡಿಗಳು) ಅಲ್ಲಿ ಸಣ್ಣಗ 3-4 ಡೆಸಿಬೆಲ್ ಕೊಯ್ಯಬೇಕು. ಮತ್ತೊಂದು ಸಲ. ಮೂರು-ನಾಕು ಕಡೆ ಕೊಯ್ದ ಮ್ಯಾಲೂ ನಿಲ್ಲಲಿಲ್ಲಂದ್ರ ತಪ್ಪು ಇಕ್ವಲೈಸರಿಂದಲ್ಲ, ಮೈಕ್-ಮಾನಿಟರ್ ಇಟ್ಟ ಜಾಗದ್ದು. ನಮ್ಮ ಮಂದಿ ಹದಿನೈದು ಕಡೆ ಕೊಯ್ಯತಾರ. ಕೊನೆಗೆ ಗಾಯಕರ ದನಿ ಟೆಲಿಫೋನಿನ್ಯಾಗಿಂದ ಬಂದಂಗ ಬರತೈತಿ. ಮ್ಯಾಲೆ "ಇವತ್ತ ಅವರ ಗಂಟಲಾ ಕೂತಿತ್ತು ಅನಸತೈತಿ" ಅಂತ ಮಾತು ಬ್ಯಾರೆ!

ಹೈ ಪಾಸ್ ಫಿಲ್ಟರ್ (ಗೊತ್ತು ಮಾಡಿದ ಮಟ್ಟಕ್ಕಿಂತ ಕೆಳಗಿನ ದನಿ ಕೊಯ್ಯೋ ಗುಂಡಿ) ವಿಷಯ ಬಿಟ್ರ ನನಗ ನಿದ್ದಿ ಬರಂಗಿಲ್ಲ. ಯೂಟ್ಯೂಬ್ ನೋಡಿ ಎಲ್ಲಾರ ದನಿಗೂ 120 ಹರ್ಟ್ಜ್‌ಗೆ ಕಟ್ ಮಾಡತಾರ. ಕಾಳಿ ಒಂದರಾಗ (ಪೇಟಿಯ ಮೊದಲ ಕರಿ ಮನಿಯ ಶ್ರುತಿ) ಹಾಡೋ ಗಂಡಸಿನ ಮಧ್ಯ ಸಾ ಸುಮಾರು 139 ಹರ್ಟ್ಜ್. ಮಂದ್ರ ಪಂಚಮ 104. ಮಂದ್ರ ಮಧ್ಯಮ 92. ಖರ್ಜದ ಸಾ 69. ಅಂದ್ರ ಗಾಯಕರು ಮಂದ್ರಕ್ಕ ಇಳಿದು ಪಂಚಮದ ಮ್ಯಾಲ ನಿಂತಾಗ, ನೀನು ಅವರ ಕಾಲ ಕೆಳಗಿನ ಹಾಸಿಗಿ ಎಳದಿ ತಮ್ಮಾ. 60ಕ್ಕ ಇಡು. ವೇದಿಕೆ ಗುಡುಗುಡು ಅಂದ್ರ ಸ್ಟ್ಯಾಂಡಿನ ಕೆಳಗ ದಪ್ಪ ಫೋಮ್ ಹಾಕು, ದನಿ ಕೊಯ್ಯಬ್ಯಾಡ. ನಿನ್ನೆ ಆ ಮಿಕ್ಸರ್‌ನ್ಯಾಗ ‘ಫೀಮೇಲ್ ವೋಕಲ್’ ಅಂತ ಒಂದು ಪ್ರಿಸೆಟ್ ಕಂಡೆ. ಗಂಗೂಬಾಯಿ ಹಾನಗಲ್ ಅವರು ಬಾಳಿದ ಅವಳಿ ನಗರದಾಗ ‘ಹೆಣ್ಣುಮಗಳ ದನಿ’ಗೆ ರೆಡಿಮೇಡ್ ಗುಂಡಿ! ಆ ಗಂಭೀರ ದನಿಗೆ ಆ ಗುಂಡಿ ಒತ್ತಿದ್ರ ಏನು ಉಳೀತಿತ್ತು, ನೀವ ಹೇಳ್ರಿ.

ಹುಡುಗನ ತಪ್ಪೂ ಐತಿ, ಅದನ್ನ ಮುಚ್ಚಂಗಿಲ್ಲ. ಆರು ಗಂಟೆ ಕಾರ್ಯಕ್ರಮಕ್ಕ ಐದಕ್ಕ ಬಂದಿದ್ದ. ಮೂರು ತಾಸು ಮೊದಲ ಬರಬೇಕು. ಬಂದ ಕೂಡಲೆ ಸ್ಪೀಕರ್ ಇಳಿಸೋದಲ್ಲ, ಮಲ್ಟಿಮೀಟರ್ ತಗಿಯೋದು. ಫೇಸ್-ನ್ಯೂಟ್ರಲ್ ನಡುವ 230 ಆಜುಬಾಜು ಐತೋ ಇಲ್ಲೋ, ನ್ಯೂಟ್ರಲ್-ಅರ್ಥ್ ನಡುವ ಒಂದೆರಡು ವೋಲ್ಟಿಗಿಂತ ಹೆಚ್ಚು ಐತೋ. ಹೆಚ್ಚಿದ್ರ ಎಲ್ಲೋ ಜೋಡಣೆ ಸಡಿಲ ಇರಬಹುದು. ಮೂರು ಫೇಸಿನ ಜನರೇಟರ್‌ನ್ಯಾಗ ನ್ಯೂಟ್ರಲ್ ಕಳಚಿತು ಅಂದ್ರ ಒಂದು ಲೈನಿಗೆ 400ರ ಹತ್ರ ವೋಲ್ಟ್ ನುಗ್ಗತೈತಿ, ಆಂಪ್ಲಿಫೈಯರ್ ಹೊಗಿ ಬಿಡತೈತಿ, ಬಾಡಿಗಿ ಯಾರು ಕೊಡಬೇಕು? ಇನ್ನ ಹಮ್ (ಸ್ಪೀಕರಿನ್ಯಾಗ ಗುಂಯ್ ಅನ್ನೋ ದನಿ) ಬರತೈತಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತೊಗೆಯೋ ಶೂರರು ಅದಾರ. ಹಮ್ ಹೋಗತೈತಿ, ಹೌದು. ಗಾಯಕರ ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡಿಯಬಹುದು. ಇದಕ್ಕ ಡಿಐ ಬಾಕ್ಸಿನ (ವಾದ್ಯ-ಮಷೀನಿನ ಸಿಗ್ನಲ್ ಮಿಕ್ಸರಿಗೆ ಕೊಡೋ ಸಣ್ಣ ಡಬ್ಬಿ) ಗ್ರೌಂಡ್ ಲಿಫ್ಟ್ ಸ್ವಿಚ್ ಇರತೈತಿ, ಸಿಗ್ನಲ್ ಕೇಬಲಿನ ಅರ್ಥ್ ಬಿಡಿಸು, ಕರೆಂಟಿನ ಅರ್ಥ್ ಮುಟ್ಟಬ್ಯಾಡ. ಇಲ್ಲಿ ಜೀವದ ಪ್ರಶ್ನೆ ಐತಿ, ಚಾಷ್ಟಿ ಇಲ್ಲ.

ಈಗ ಒಬ್ಬರು ಬಂದ ಬರತಾರ: "ಡಿಜಿಟಲ್ ಮಿಕ್ಸರ್‌ನ್ಯಾಗ ಹೋದ ಸಲದ ಸೀನ್, ಅಂದ್ರ ಸೆಟ್ಟಿಂಗ್, ಸೇವ್ ಇರತೈತಲ್ರಿ, ಒತ್ತಿದ್ರ ಆತು." ಒತ್ತರಿ. ಅದರಾಗ ಸೇವ್ ಆಗಿದ್ದು ನಿಮ್ಮ ಫೇಡರ್ (ದನಿ ಏರಿಸಿ-ಇಳಿಸೋ ಗುಂಡಿ), ನಿಮ್ಮ ಇಕ್ವಲೈಸರ್. ಹಾಲ್ ಸೇವ್ ಆಗಿಲ್ಲ. ಖಾಲಿ ಕುರ್ಚಿ, ಗಿಲಾವಿ ಗ್ವಾಡಿ ಇದ್ದಾಗ ದನಿ ಸುತ್ತಾಡತೈತಿ, ಮುನ್ನೂರು ಮಂದಿ ಬಂದು ಕೂತ್ರ ಅವರ ಅರಿವಿ-ಅಂಚಡಿ ಮ್ಯಾಲಿನ ಸ್ವರಗಳನ್ನ ನುಂಗತೈತಿ. ಅದಕ್ಕ ಚೆಕ್ ಮಾಡುವಾಗ ಖಾಲಿ ಹಾಲಿನ್ಯಾಗ ಸ್ವಲ್ಪ ಚುರುಕು ಕೇಳಿಸಿದ್ರ ಬಿಡಬೇಕು, ಮಂದಿ ಬಂದ ಮ್ಯಾಲ ಸರಿ ಹೋಗತೈತಿ. ಸ್ಪೀಕರ್ ತಲಿ ನೆಟ್ಟಗ ಹಿಂದಿನ ಗ್ವಾಡಿ ನೋಡಿದ್ರ, 25 ಮೀಟರ್ ದೂರದ ಗ್ವಾಡಿ ಅದನ್ನ ವೇದಿಕೆಗೆ ವಾಪಸ್ ಕಳಸಾಕ ಸುಮಾರು 145 ಮಿಲಿಸೆಕೆಂಡ್ ತಗೋತೈತಿ. ತಬಲಜಿಗೆ ಪ್ರತಿ ಪೆಟ್ಟು ಎರಡು ಸಲ ಕೇಳತೈತಿ, ಲಯ ಹೆಂಗ ಹಿಡಿಬೇಕು ಅವರು? ತಲಿ ಕೆಳಗ ಬಗ್ಗಿಸಿ ಮಂದಿ ಕಡೆ ತಿರುವಬೇಕು. ಇದನ್ನ ಯಾವ ಸೀನೂ ಮಾಡಂಗಿಲ್ಲ, ಏಣಿ ಹತ್ತಬೇಕು.

ಇನ್ನೊಂದು ವಾದ, ಭಾರಿ ಪ್ರೀತಿಲೆ ಹೇಳತಾರ: "ಹಿಂದಕ ದೊಡ್ಡ ದೊಡ್ಡ ಗವಾಯಿಗಳು ಮೈಕ್ ಇಲ್ಲದ ಹಾಡತಿದ್ರು." ಖರೆ ಐತಿ. ಕುಂದಗೋಳದ ವಾಡೆದಾಗ, ಮಠದ ಪ್ರಾಂಗಣದಾಗ, ನೂರು ಮಂದಿ ಉಸರು ಬಿಗಿ ಹಿಡದು ಕೂತಾಗ. ಹಂಗಾರ ಮೈಕ್ ತಗದ ಇಡ್ರಿ, ಫ್ಯಾನ್ ಬಂದ್ ಮಾಡ್ರಿ, ಮೊಬೈಲ್ ಹೊರಗ ಇಟ್ಟು ಬರ್ರಿ, ನಾನ ಮೊದಲು ಬಂದು ಚಾಪಿ ಮ್ಯಾಲ ಕೂಡತೀನಿ. ಮೈಕೂ ಬೇಕು, ಚೆಕ್ಕೂ ಬ್ಯಾಡ ಅಂದ್ರ ಹೆಂಗ?

ಫ್ರೀಲಾನ್ಸ್ ಹುಡುಗರಿಗೆ ಒಂದು ಮಾತು. ಬೆಳಿಯೋದು ಅಂದ್ರ 32 ಚಾನೆಲ್ ಮಿಕ್ಸರ್ ಕಂತಿನ ಮ್ಯಾಲ ತರೋದು ಅಂತ ತಿಳಕೊಂಡೀರಿ. ನಾಕು ಕಲಾವಿದರ ಕಾರ್ಯಕ್ರಮಕ್ಕ ಎಂಟು ಚಾನೆಲ್ ಸಾಕು, ಉಳಿದ ರೊಕ್ಕಕ್ಕ ಎರಡು ಒಳ್ಳೆ ಮೈಕ್, ನಾಕು ಗಟ್ಟಿ ಕೇಬಲ್ ತಗೋರಿ. ಫೋನ್ ಬಂದ ಕೂಡಲೆ ರೇಟ್ ಹೇಳಬ್ಯಾಡ್ರಿ, ಪ್ರಶ್ನೆ ಕೇಳ್ರಿ. ಎಷ್ಟು ಕಲಾವಿದರು, ಖರೆ ತಂಬೂರಿನೋ ಮಷೀನೋ, ಯಾವ ಪಟ್ಟಿ (ಶ್ರುತಿ), ಭಾಷಣ ಎಷ್ಟು ಮಂದಿದು, ಹಾಲಿನ ಕೀಲಿ ಎಷ್ಟಕ್ಕ ಸಿಗತೈತಿ, ಒಳಗೋ ಬಯಲಾಗೋ. ಬಯಲಾದ್ರ ಧ್ವನಿವರ್ಧಕಕ್ಕ ಪರವಾನಗಿ ಯಾರು ತಗೋತಾರ, ರಾತ್ರಿ 10ರೊಳಗ ಮುಗೀತೈತೋ ಇಲ್ಲೋ ಅಂತನೂ ಕೇಳ್ರಿ, 2000ದ ಶಬ್ದ ಮಾಲಿನ್ಯ ನಿಯಮ ನಿಮ್ಮ ಸಲುವಾಗಿ ಬದಲಾಗಂಗಿಲ್ಲ. ಬಂದ ಉತ್ತರ ವಾಟ್ಸ್ಆ್ಯಪಿನ್ಯಾಗ ಬರದು ಕಳಸ್ರಿ. ಅದರ ಕೆಳಗ ಅರ್ಧ ರೊಕ್ಕ ಮುಂಗಡ, ಹೆಚ್ಚಿನ ತಾಸಿಗೆ ಬ್ಯಾರೆ ರೇಟ್, ಮತ್ತ ದಪ್ಪ ಅಕ್ಷರದಾಗ: ‘ಮಂದಿ ಒಳಗ ಬಿಡೋಕಿಂತ ಮೊದಲ 30 ನಿಮಿಷ ಸೌಂಡ್ ಚೆಕ್, ಎಲ್ಲಾ ಕಲಾವಿದರ ಜೋಡಿ.’ ಬರದಿದ್ದು ಇದ್ರ ಸಂಘಟಕರ ಮುಂದ ನಿಂತು ಜಗಳ ಆಡೋದು ತಪ್ಪತೈತಿ, ಬರೇ ಫೋನ್ ತೋರಿಸಿದ್ರ ಆತು.

"ಇಷ್ಟೆಲ್ಲ ಕೇಳಿದ್ರ ಹುಬ್ಬಳ್ಳಿಯೊಳಗ ಕೆಲಸ ಸಿಗಂಗಿಲ್ರಿ ಅಣ್ಣಾರ, ಕಡಿಮಿ ರೇಟಿನಾವ ಇನ್ನೊಬ್ಬ ಬರತಾನ." ಬರತಾನ, ಸುಳ್ಳಲ್ಲ. ಗಣಪತಿ ಹಬ್ಬದಾಗ, ಮದವಿ ಸೀಜನ್ನಿನ್ಯಾಗ ಅವನ ಗೆಲ್ಲತಾನ. ಆದ್ರ ಸೀಟಿ ಹೊಡಿಸಿದ ಮೈಕಿನಾವನ ಮುಖ ಕಲಾವಿದರು ಮರಿಯಂಗಿಲ್ಲ, ಮುಂದಿನ ಸಲ "ಅವನ್ನ ಬಿಟ್ಟು ಯಾರರೆ ಇರಲಿ" ಅಂತಾರ. ಯಾರ ಹೆಸರು ಹೇಳತಾರ ಅಂತ ನೋಡ್ಕೋರಿ.

ಕಿವಿ ಬಗ್ಗೆ ಯಾರೂ ಮಾತಾಡಂಗಿಲ್ಲ. ನಿನ್ನೆ ಮುಂದಿನ ಸಾಲಿನ್ಯಾಗ ತಬಲಾ ಪೆಟ್ಟು ಹಲ್ಲಿಗೆ ಬಡಿಯಾಕತ್ತಿತ್ತು. ಇಂಥ ಗಾಯನಕ್ಕ ನಡು ಹಾಲಿನ್ಯಾಗ 75-80 ಡೆಸಿಬೆಲ್ ಭಾಳ ಆತು. 85ಕ್ಕ ದಿನಾ ಎಂಟು ತಾಸು ಕಿವಿ ತಡಕೋಬಹುದು, ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ ಆಗತೈತಿ, 100ಕ್ಕ ಹದಿನೈದು ನಿಮಿಷ ಅಷ್ಟ. ಡಿಜೆ ಕೆಲಸಕ್ಕ ಹೋಗೋರು ಪ್ಲಗ್ ಹಾಕ್ಕೋರಿ. ನಾಚಿಕಿ ಬಿಟ್ಟು ಹೇಳತೀನಿ, ನನಗೂ ಮ್ಯಾಲಿನ ಸಪ್ತಕದ ಸಣ್ಣ ಸೀಟಿ ಮೊದಲಿನಂಗ ಕೇಳಂಗಿಲ್ಲ. ಅದಕ್ಕ ಮುಂಜಾನೆ ಕೂತು ಹಿಂದಿನ ರಾತ್ರಿಯ ರೆಕಾರ್ಡಿಂಗ್ ಕೇಳೋ ಚಟಾ. ರೆಕಾರ್ಡಿಂಗ್ ಸವಲತ್ತು ಇರೋ ಮಿಕ್ಸರಿಗೆ ಒಂದು ಪೆನ್‌ಡ್ರೈವ್ ಚುಚ್ಚಿದ್ರ ರೆಕಾರ್ಡ್ ಆಗತೈತಿ, ಖರ್ಚಿಲ್ಲ. ಒಂದು ನೋಟ್‌ಬುಕ್ಕಿನ್ಯಾಗ ಹಾಲಿಗೊಂದು ಪುಟ: ಯಾವ ಹರ್ಟ್ಜ್ ಸೀಟಿ ಹೊಡೀತು, ಪ್ಲಗ್ ಎಲ್ಲಿ ಅದಾವ, ಯಾವ ಸಾಕೆಟ್ಟಿನ್ಯಾಗ ಅರ್ಥ್ ಇಲ್ಲ, ಯಾವ ಕಡೆ ಗ್ವಾಡಿ ದನಿ ಎಸೀತೈತಿ.

ಆ ಹುಡುಗ ಕೆಟ್ಟಾವಲ್ಲ. ಮಧ್ಯಂತರದಾಗ ಪೋಡಿಯಂ ಮೈಕ್ ಬಂದ್ ಮಾಡು, ಮಾನಿಟರ್ ಎಡಕ್ಕ ಓರೆ ಮಾಡು ಅಂದೆ. ಎರಡ ನಿಮಿಷದ ಕೆಲಸ. ಠುಮ್ರಿ ಹೊತ್ತಿಗೆ ಗಾಯಕರ ಬೆರಳು ಕೆಳಗ ಬಂತು, ಕಣ್ಣು ಮುಚ್ಚಿ ಹಾಡಿದ್ರು. ಹುಡುಗ ನನ್ನ ಕಡೆ ನೋಡಿ ನಕ್ಕ. ಕಾರ್ಯಕ್ರಮ ಮುಗಿದ ಮ್ಯಾಲ ನೋಡತೀನಿ, ಅಷ್ಟೂ ಕೇಬಲ್ ಮೊಣಕೈಗೆ ಹಾಕಿ ಹಗ್ಗ ಸುತ್ತಿದಂಗ ಗರಗರ ಸುತ್ತಾಕತ್ತಿದ್ದ. ಹಂಗ ಸುತ್ತಿದ್ರ ಒಳಗಿನ ತಂತಿ ತಿರುಚಿ ಆರು ತಿಂಗಳಿಗೆ ಕರಕರ ಅಂತೈತೋ ಮಾರಾಯಾ, ಒಂದು ಸುತ್ತು ಮ್ಯಾಲ, ಒಂದು ಸುತ್ತು ಒಳಗ ಅನ್ನಾಕ ಬಾಯಿ ತಗದೆ. ಅಷ್ಟ್ರಾಗ ಸಂಘಟಕರು ಬಂದು ನನಗ ಅಂದ್ರು: "ಏನ್ರಿ, ಇವತ್ತ ಸೌಂಡ್ ಭಾಳ ಛಲೋ ಇತ್ತಲ್ಲ?"