ತಲಾ ಉತ್ಪಾದನೆ ಏರುವುದೇ ನಮ್ಮ ಕೈಗಾರಿಕೆಯ ಮೊದಲ ಗುರಿಯಾಗಬೇಕೇ? ಪರ – ವಿರೋಧ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ನಾನು ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ನನ್ನ ಟೇಬಲ್‌ನಿಂದ ಒಂದು ಅಂಕಿ ಮೇಲಿನವರಿಗೆ ಹೋಗುತ್ತದೆ. ಆ ತಿಂಗಳು ತಯಾರಾದ ಮಾಲನ್ನು ದುಡಿದ ಜನರ ಸಂಖ್ಯೆಯಿಂದ ಭಾಗಿಸಿದರೆ ಬರುವ ತಲಾ ಉತ್ಪಾದನೆ ಅದು. ದೇಶದ ಲೆಕ್ಕ ಹಾಕುವವರೂ ಇದನ್ನೇ ಮಾಡುತ್ತಾರೆ. ಅವರ ಕಾಗದ ದೊಡ್ಡದು, ಅಷ್ಟೇ.

ಈ ಅಂಕಿ ಏರಿಸುವುದೇ ಎಲ್ಲಕ್ಕಿಂತ ಮೊದಲ ಕೆಲಸವೇ? ಕಾರ್ಖಾನೆಯಲ್ಲಿದ್ದಾಗ ನನ್ನ ಉತ್ತರ ಒಂದು, ಗದಗಿನ ಮನೆಗೆ ಹೋದಾಗ ಇನ್ನೊಂದು. ಎರಡನ್ನೂ ಬರೆದಿದ್ದೇನೆ. ಎರಡೂ ಮನಸ್ಸಿನಿಂದ ಬಂದ ಮಾತೇ. ಆದರೆ ನನ್ನ ತಕ್ಕಡಿ ಸಮ ಇಲ್ಲ, ಓದಿದರೆ ಗೊತ್ತಾಗುತ್ತದೆ.

ಪರ

ಹತ್ತಿಯಿಂದ ಶುರು ಮಾಡುತ್ತೇನೆ. ನಮ್ಮ ಸೀಮೆಗೆ ಅದು ಮನೆಯ ಮಾತು. 1840ರ ದಶಕದಲ್ಲಿ ಬ್ರಿಟಿಷರು ಇಲ್ಲಿಗೆ ತಂದ ತಳಿಗೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರಿತ್ತು. ಆದರೆ ನಾನು ಹೇಳುವ ಲೆಕ್ಕ ಅದಕ್ಕಿಂತ ಹಿಂದಿನದು. ಹದಿನೆಂಟನೇ ಶತಮಾನದಲ್ಲಿ ನಮ್ಮ ದೇಶದ ಹೆಂಗಸರು 100 ಪೌಂಡ್, ಅಂದರೆ ಸುಮಾರು 45 ಕಿಲೋ ಹತ್ತಿಯನ್ನು ಕೈಯಲ್ಲಿ ನಯವಾದ ನೂಲು ಮಾಡಲು ಹೆಚ್ಚುಕಡಿಮೆ 50,000 ಗಂಟೆ ಬೇಕಿತ್ತು ಎಂದು ಆರ್ಥಿಕ ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಅಂತ ಹಿಡಿದರೆ ಒಬ್ಬಾಕೆಗೆ ಇಪ್ಪತ್ತು ವರ್ಷದ ಕೆಲಸ. ಇಂಗ್ಲೆಂಡಿನಲ್ಲಿ 1780ರ ಹೊತ್ತಿಗೆ ಕ್ರಾಂಪ್ಟನ್ ಎಂಬಾತನ ‘ಮ್ಯೂಲ್’ ಯಂತ್ರದಲ್ಲಿ ಅದೇ ಕೆಲಸ 2,000 ಗಂಟೆಗೆ ಇಳಿಯಿತು. 1795ರ ಸುಮಾರಿಗೆ 300 ಗಂಟೆ. 1825ರ ಹೊತ್ತಿಗೆ 135 ಗಂಟೆ. ಇಪ್ಪತ್ತು ವರ್ಷದ ಕೆಲಸ ಹದಿನೇಳು ದಿನಕ್ಕೆ ಬಂತು.

ಆಮೇಲೆ ಏನಾಯಿತು ಅಂತ ನಮಗೆಲ್ಲ ಗೊತ್ತು. 1750ರಲ್ಲಿ ಪ್ರಪಂಚದಲ್ಲಿ ತಯಾರಾಗುತ್ತಿದ್ದ ವಸ್ತುಗಳಲ್ಲಿ ಸುಮಾರು ಕಾಲು ಭಾಗ ಭಾರತದ್ದಾಗಿತ್ತು ಎಂಬ ಅಂದಾಜಿದೆ. 1900ಕ್ಕೆ ಅದು ಶೇ 2ಕ್ಕಿಂತ ಕೆಳಗಿತ್ತು. ಕಂಪನಿ ಸರ್ಕಾರದ ಆಳ್ವಿಕೆ, ನಮ್ಮ ಬಟ್ಟೆಗೆ ಅವರು ಹಾಕಿದ ಸುಂಕ, ಎಲ್ಲವೂ ಇದರಲ್ಲಿ ಸೇರಿವೆ, ನಿಜ. ಆದರೆ 135 ಗಂಟೆಯ ನೂಲಿನ ಎದುರು 50,000 ಗಂಟೆಯ ನೂಲು ಎಷ್ಟು ದಿನ ಮಾರುಕಟ್ಟೆಯಲ್ಲಿ ನಿಂತೀತು?

ಈಗ ಪಗಾರದ ಮಾತು. ಪಗಾರ ಹುಟ್ಟುವುದು ದುಡಿಮೆ ಮಾಲಿಗೆ ಸೇರಿಸುವ ಬೆಲೆಯಿಂದ. 2022-23ರ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಲ್ಲಿ ದೇಶದ ನೋಂದಾಯಿತ ಕಾರ್ಖಾನೆಗಳ ಜನ ಸುಮಾರು 1.85 ಕೋಟಿ. ಕಚ್ಚಾ ಮಾಲು, ಕರೆಂಟು ಇತ್ಯಾದಿ ಖರ್ಚು ಕಳೆದು ಅವರ ದುಡಿಮೆಯಿಂದ ಸೇರಿದ ಮೌಲ್ಯ ಸುಮಾರು 22 ಲಕ್ಷ ಕೋಟಿ ರೂಪಾಯಿ. ತಲೆಗೆ ಹತ್ತಿರಹತ್ತಿರ 12 ಲಕ್ಷ. ಅದೇ ಹೊತ್ತಿನಲ್ಲಿ ಕಂಪನಿಯಾಗಿ ನೋಂದಣಿಯಾಗದ ಸಣ್ಣ ಉದ್ದಿಮೆ, ಅಂಗಡಿ, ರಿಪೇರಿ ಶಾಪ್‌ಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 1.4 ಲಕ್ಷ. ತಿಂಗಳಿಗೆ ಹನ್ನೆರಡು ಸಾವಿರವೂ ಹುಟ್ಟದ ಕಡೆ ಇಪ್ಪತ್ತು ಸಾವಿರ ಪಗಾರ ಕೊಡು ಅಂದರೆ ಮಾಲೀಕ ಎಲ್ಲಿಂದ ತರುತ್ತಾನೆ? ಅವನು ಜಿಪುಣ ಅಂತ ಬೈಯುವುದು ಸುಲಭ. ಇಲ್ಲಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಎರಡು ಹಳೇ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಬೇರೆಯವರ ಮಾಲಿಗೆ ಜಾಬ್ ವರ್ಕ್ ಮಾಡುವವರನ್ನು ನಾನು ದಿನಾ ನೋಡುತ್ತೇನೆ. ಎಷ್ಟೋ ತಿಂಗಳು ಕೈಕೆಳಗಿನ ಹುಡುಗನಿಗೆ ಕೊಟ್ಟಷ್ಟು ಹಣ ಅವರ ಕೈಯಲ್ಲೇ ಉಳಿಯುವುದಿಲ್ಲ.

ನಮ್ಮ ಶಾಪ್ ಕಥೆ ಹೇಳುತ್ತೇನೆ. ಮೊದಲು ವಾಲ್ವ್ ಬಾಡಿ ತಿರುವಲು ಸಾದಾ ಲೇತ್, ಫ್ಲ್ಯಾಂಜಿನ, ಅಂದರೆ ಬೋಲ್ಟ್ ಹಾಕುವ ಅಂಚಿನ, ತೂತು ಕೊರೆಯಲು ರೇಡಿಯಲ್ ಡ್ರಿಲ್. ಪ್ರತಿ ತೂತಿಗೂ ಒಬ್ಬ ಕೂತು ಗುರುತು ಹಾಕಬೇಕು. ಬಾಡಿ ಎತ್ತಿ ಕೂರಿಸಲು ಇಬ್ಬರು ಬೇಕು. ಬೆನ್ನುನೋವಿಲ್ಲದ ಟರ್ನರ್‌ನನ್ನು ನಾನು ಆಗ ಕಂಡಿಲ್ಲ. ಆಮೇಲೆ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ನಡೆಯುವ ಮಷಿನ್, ಬಂತು. ಅರ್ಧ ಶಿಫ್ಟ್ ಹಿಡಿಯುತ್ತಿದ್ದ ಬಾಡಿ ಒಂದು ಗಂಟೆಯೊಳಗೆ ಮುಗಿಯತೊಡಗಿತು. ಅಳತೆ ತಪ್ಪಿ ಗುಜರಿಗೆ ಹೋಗುವ ಮಾಲು ಕಡಿಮೆಯಾಯಿತು. ಐಟಿಐ ಮುಗಿಸಿದ ಹೆಣ್ಣುಮಕ್ಕಳು ಮಷಿನ್ ನಡೆಸಲು ಬಂದರು. ಭಾರ ಎತ್ತುವುದೇ ಕೆಲಸವಾಗಿದ್ದ ಕಾಲದಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣೆ ಸಾಲು ಬಂತು. ಕಾರಿನ ಒಂದು ಚಾಸಿ, ಅಂದರೆ ಅಡಿಯ ಚೌಕಟ್ಟು, ಜೋಡಿಸುವ ಸಮಯ 12 ಗಂಟೆ ಚಿಲ್ಲರೆಯಿಂದ ಒಂದೂವರೆ ಗಂಟೆಗೆ ಇಳಿಯಿತು. ಮರುವರ್ಷವೇ ದಿನಗೂಲಿ 5 ಡಾಲರ್ ಆಯಿತು, ಹಿಂದಿನದರ ಸುಮಾರು ದುಪ್ಪಟ್ಟು. ದುಡಿಮೆಯ ದಿನ ಒಂಬತ್ತರಿಂದ ಎಂಟು ಗಂಟೆಗೆ ಬಂತು. ಬೇಸರದ ಕೆಲಸ ಬಿಟ್ಟು ಜನ ಓಡಿಹೋಗುತ್ತಿದ್ದರು, ಅವರನ್ನು ಹಿಡಿದಿಡಲು ಕೂಲಿ ಏರಿಸಿದರು ಎನ್ನುವುದೂ ಸತ್ಯ. ಆದರೂ ತಲಾ ಉತ್ಪಾದನೆ ಏರದೆ ಹಾಗೆ ಕೊಡಲು ಆಗುತ್ತಿತ್ತಾ?

ಇನ್ನೊಂದು ಮಾತು ಇದೆ, ಅದನ್ನು ಯಾರೂ ಜಾಸ್ತಿ ಆಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಈಗಿರುವಷ್ಟೇ ಇರಲು 2.1 ಬೇಕು. ಅಂದರೆ ಇನ್ನು ಮೂವತ್ತು ವರ್ಷಕ್ಕೆ ನಮ್ಮಲ್ಲಿ ದುಡಿಯುವ ಕೈ ಕಡಿಮೆ, ಮುದುಕರು ಜಾಸ್ತಿ. ಆ ಮುದುಕರಲ್ಲಿ ನಾನೂ ಒಬ್ಬ. ನಮ್ಮ ಔಷಧಿ, ಪಿಂಚಣಿ ಎಲ್ಲ ಆ ಕಡಿಮೆ ಕೈಗಳ ದುಡಿಮೆಯಿಂದಲೇ ಬರಬೇಕು. ಒಂದೊಂದು ಕೈಯೂ ಇವತ್ತಿಗಿಂತ ಹೆಚ್ಚು ತಯಾರಿಸದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ವಿರೋಧ

ನಮ್ಮ ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುತ್ತಿದ್ದರು. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು ಬಂದದ್ದು ಅಂಥ ಕೈಗಳಿಂದ. ಎಡಗೈಯಲ್ಲಿ ಮೊಳೆ ಸಾಲಾಗಿ ಕೂರಿಸುವ ಸ್ಟಿಕ್, ಬಲಗೈ ಮೊಳೆ ತುಂಬಿದ ಪೆಟ್ಟಿಗೆಯ, ಅಂದರೆ ಕೇಸಿನ, ಮೇಲೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದ ಕೇಸಿಗೆ ನೂರಾರು ಮನೆ. ಯಾವ ಮನೆಯಲ್ಲಿ ಯಾವ ಮೊಳೆ ಅಂತ ಅವರು ನೋಡುತ್ತಿರಲಿಲ್ಲ, ಕೈಯೇ ಹೋಗುತ್ತಿತ್ತು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ನಾವು ಪೇಪರ್ ಓದುವಷ್ಟೇ ಸಲೀಸಾಗಿ ಅವರು ಅದನ್ನು ಓದುತ್ತಿದ್ದರು. ಲಗ್ನಪತ್ರಿಕೆ, ಪಂಚಾಂಗ, ಶಾಲೆಯ ಪುಸ್ತಕ. ಅಚ್ಚಾದ ಮೇಲೆ ಒಂದೊಂದೇ ಮೊಳೆ ಬಿಡಿಸಿ ಮತ್ತೆ ಅದರ ಮನೆಗೆ ಹಾಕುವುದೂ ಅವರ ಕೆಲಸವೇ.

ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು. ನಾಲ್ಕು ಜನ ದಿನವಿಡೀ ಜೋಡಿಸುತ್ತಿದ್ದುದನ್ನು ಒಬ್ಬ ಹುಡುಗ ಮಧ್ಯಾಹ್ನದೊಳಗೆ ಟೈಪ್ ಮಾಡಿ ಮುಗಿಸಿದ. ಪ್ರೆಸ್ಸಿನ ತಲಾ ಉತ್ಪಾದನೆ ಎಷ್ಟೋ ಪಟ್ಟು ಏರಿರಬೇಕು. ಅಪ್ಪನ ಕೈಗೆ ಬಂದದ್ದು ಆ ತಿಂಗಳ ಪಗಾರ ಮಾತ್ರ. ಆಮೇಲೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ರಾತ್ರಿ ಕಾವಲಿಗೆ ಹೋದರು, ಅರ್ಧ ಪಗಾರಕ್ಕೆ. ಒಂದು ಸಲ ನನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಕಾರ್ಖಾನೆಯ ಗ್ರಾಫ್ ತೋರಿಸಿದೆ. ಗೆರೆ ಮೇಲೆ ಮೇಲೆ ಹೋಗುತ್ತಿತ್ತು. ನೋಡಿ, “ಚಲೋ ಐತಿ. ಇದರಾಗ ನಾ ಎಲ್ಲಿ ಅದೀನಿ?” ಅಂದರು.

ಎಲ್ಲೂ ಇರಲಿಲ್ಲ. ಈ ಲೆಕ್ಕದ ಗುಣವೇ ಅದು. ಹತ್ತು ಜನ ದಿನಕ್ಕೆ ನೂರು ವಾಲ್ವ್ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಮೂವರನ್ನು ಮನೆಗೆ ಕಳಿಸಿದಿರಿ. ಉಳಿದ ಏಳು ಜನ ಎಂಬತ್ತನಾಲ್ಕು ಮಾಡಿದರು. ಮಾಲು ಹದಿನಾರು ಕಡಿಮೆಯಾಯಿತು, ಮೂರು ಮನೆಯ ಪಗಾರ ನಿಂತಿತು. ತಲಾ ಉತ್ಪಾದನೆ ಮಾತ್ರ ಹತ್ತರಿಂದ ಹನ್ನೆರಡಕ್ಕೆ ಏರಿತು! ಹೊರಗೆ ಹೋದವರು ಭಾಗಾಕಾರದಿಂದಲೇ ಹೊರಗೆ ಹೋಗುತ್ತಾರೆ. ಅವರ ಬದುಕು ಏನಾಯಿತು ಎನ್ನುವುದು ಆ ಅಂಕಿಗೆ ಗೊತ್ತಾಗುವುದೇ ಇಲ್ಲ.

ಇದು ಸುಮ್ನೆ ಕಟ್ಟಿದ ಲೆಕ್ಕ ಅನ್ನಬೇಡಿ. 1995-96ರಿಂದ 2000-01ರವರೆಗಿನ ಐದು ವರ್ಷದಲ್ಲಿ ದೇಶದ ಸಂಘಟಿತ ಕಾರ್ಖಾನೆಗಳಲ್ಲಿ ಸುಮಾರು 11 ಲಕ್ಷ ಕಾರ್ಮಿಕರು ಕೆಲಸ ಕಳೆದುಕೊಂಡರು. ಪ್ರತಿ ನೂರಕ್ಕೆ ಹದಿನೈದು ಜನ. ಆ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಮುಚ್ಚಿದ ಗೇಟುಗಳು ನೆನಪಿರುತ್ತವೆ.

ಉಳಿದವರಿಗಾದರೂ ಏನು ಸಿಕ್ಕಿತು? ಪರವಾದ ಬರಹದಲ್ಲಿ ತಲೆಗೆ 12 ಲಕ್ಷ ಅಂತ ಬರೆದೆ. ಅದರಲ್ಲಿ ಕಾರ್ಮಿಕನ ಪಾಲು ಎಷ್ಟು ಅಂತ ಬರೆಯಲಿಲ್ಲ. 1980ರ ದಶಕದ ಆರಂಭದಲ್ಲಿ ಕಾರ್ಖಾನೆಗಳಲ್ಲಿ ಸೇರಿದ ಒಟ್ಟು ಮೌಲ್ಯದಲ್ಲಿ ಸುಮಾರು ಶೇ 30 ಕಾರ್ಮಿಕರ ಕೂಲಿಗೆ ಹೋಗುತ್ತಿತ್ತು. ಮೂವತ್ತು ವರ್ಷದ ನಂತರ ಅದು ಶೇ 12ರ ಆಸುಪಾಸು. ಮಷಿನ್‌ಗೆ ಹಾಕಿದ ಬಂಡವಾಳಕ್ಕೂ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಇಷ್ಟೊಂದು ಇಳಿಕೆಯನ್ನು ಬರೀ ಮಷಿನ್ ಹೆಸರಲ್ಲಿ ಹೇಗೆ ಒಪ್ಪಲಿ? ಇಪ್ಪತ್ತೈದು ವರ್ಷದ ಹಿಂದೆ ಕಾರ್ಖಾನೆಗಳಲ್ಲಿ ಗುತ್ತಿಗೆ ಕಾರ್ಮಿಕರು ಐವರಲ್ಲಿ ಒಬ್ಬರು. ಈಗ ಐವರಲ್ಲಿ ಇಬ್ಬರು. ಫೋರ್ಡ್ ಕಾರ್ಖಾನೆಯಲ್ಲಿ ಜನ ಕೆಲಸ ಬಿಟ್ಟು ಹೋಗುತ್ತಾರೆ ಅಂತ ಹೆದರಿ ಕೂಲಿ ಏರಿಸಿದರು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಬೆಳಗಿನ ಶಿಫ್ಟಿಗೆ ಹೋಗುವ ಹುಡುಗ ಕೆಲಸ ಬಿಟ್ಟರೆ ಕಂಟ್ರಾಕ್ಟರ್ ನಾಳೆ ಇನ್ನೊಬ್ಬನನ್ನು ಕರೆತರುತ್ತಾನೆ. ಹೆದರಿಕೆ ಇರುವುದು ಹುಡುಗನಿಗೆ.

ಹತ್ತಿಯ ಕಥೆಗೂ ಇನ್ನೊಂದು ಮುಖ ಇದೆ. ಆ 50,000 ಗಂಟೆ ಅಂದರೆ ಯಾವುದೋ ಹೆಂಗಸರ ದುಡಿಮೆ, ಅವರ ಮನೆಯ ಜೋಳ. ಅದು 135ಕ್ಕೆ ಇಳಿದಾಗ ಉಳಿದ ಗಂಟೆಗಳಿಗೆ ಬೇರೆ ಕೆಲಸ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಇಲ್ಲಿನ ಹೆಂಗಸರ ರಾಟೆ ನಿಂತಿತು, ಅಷ್ಟೇ.

ಇದೇ ಕಥೆಯನ್ನು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಾವೇ ನೋಡಿದೆವು. 1957ರಲ್ಲಿ ಶುರುವಾದ ಖಾದಿ ಸಂಘ ಅಲ್ಲಿದೆ. ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಮಾನ್ಯತೆ ಪಡೆದು ರಾಷ್ಟ್ರಧ್ವಜ ಮಾಡುತ್ತದೆ. ಕೈಯಲ್ಲಿ ತೆಗೆದ ನೂಲು, ಕೈಮಗ್ಗದ ಬಟ್ಟೆ. ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಪ್ರತಿ ಹಂತದಲ್ಲೂ ಅಳತೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಮಷಿನ್‌ನಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ಸಂಘದವರು ಬೀದಿಗಿಳಿದು ಪ್ರತಿಭಟಿಸಿದರು. ಪಾಲಿಯೆಸ್ಟರ್ ಧ್ವಜದ ಕಾರ್ಖಾನೆಯಲ್ಲಿ ತಲಾ ಉತ್ಪಾದನೆ ಜಾಸ್ತಿ, ಬೆಲೆಯೂ ಅಗ್ಗ. ಎಲ್ಲರ ಮನೆ ಮೇಲೂ ಧ್ವಜ ಹಾರಲಿ, ನನಗೂ ಸಂತೋಷವೇ. ಬೆಂಗೇರಿಯ ಆ ತಾಯಂದಿರಿಗೆ ಬದಲಿ ಕೆಲಸ ಏನು ಅಂತ ತಿದ್ದುವ ಮೊದಲು ಕೇಳಬೇಕಿತ್ತು.

ದೇಶದ ಮಟ್ಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಅಂಕಿ ಬೇರೆ. 2018-19ರಲ್ಲಿ ದುಡಿಯುವವರಲ್ಲಿ ಶೇ 42.5 ಜನ ಕೃಷಿಯಲ್ಲಿದ್ದರು. 2023-24ರಲ್ಲಿ ಶೇ 46.1. ಕೈಗಾರಿಕೆ ಬೆಳೆದ ದೇಶಗಳಲ್ಲೆಲ್ಲ ಜನ ಹೊಲದಿಂದ ಕಾರ್ಖಾನೆಗೆ ಹೋದರು. ನಮ್ಮಲ್ಲಿ ಹೊಲಕ್ಕೆ ವಾಪಸ್ ಬಂದರು. ಕೋವಿಡ್ ಒಂದು ಕಾರಣ, ಆದರೆ ಕೋವಿಡ್ ಮುಗಿದು ಎಷ್ಟು ದಿನ ಆಯಿತು? ಹತ್ತಿರಹತ್ತಿರ ಅರ್ಧ ಜನ ದುಡಿಯುವ ಕೃಷಿಯಿಂದ ಬರುವುದು ದೇಶದ ಹುಟ್ಟುವಳಿಯ ಐದನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾದರೆ ಯೋಚಿಸಿ. ನಮ್ಮ ಸಿಎನ್‌ಸಿ ಆಪರೇಟರ್‌ನಿಂದ ಇನ್ನೂ ಹತ್ತು ವಾಲ್ವ್ ಜಾಸ್ತಿ ತೆಗೆಸಿದರೆ ದೇಶಕ್ಕೆ ಸಿಗುವುದೆಷ್ಟು? ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೆಮ್ಮುತ್ತಾ ಮನೆಗೆ ಹೋಗುವ ಹತ್ತು ಹೆಣ್ಣುಮಕ್ಕಳಿಗೆ ಅಲ್ಲೇ ಒಂದು ಒಳ್ಳೆಯ ಕಾರ್ಖಾನೆಯಲ್ಲಿ ಪಿಎಫ್, ಇಎಸ್‌ಐ ಇರುವ ಕೆಲಸ ಸಿಕ್ಕರೆ ಸಿಗುವುದೆಷ್ಟು? ಎರಡನೆಯದರಲ್ಲಿ ಆ ಕಾರ್ಖಾನೆಯ ತಲಾ ಅಂಕಿ ಕಡಿಮೆಯೇ ಇರಬಹುದು. ಆದರೆ ಜಿಲ್ಲೆಯ ಎಲ್ಲ ದುಡಿಯುವವರನ್ನೂ ಭಾಗಾಕಾರದೊಳಗೆ ಸೇರಿಸಿ ನೋಡಿ, ಏರುವುದು ಅಲ್ಲಿಯೇ.

ನಾನು ಮಷಿನ್ ಬೇಡ ಅನ್ನುವವನಲ್ಲ. ಅಪ್ಪನ ಕೇಸು ಮತ್ತೆ ಬರಲಿ ಅಂತಲೂ ಅಲ್ಲ. ಮೊದಲ ಗುರಿ ಯಾವುದು ಎನ್ನುವುದೇ ಪ್ರಶ್ನೆ. 2011ರ ಉತ್ಪಾದನಾ ನೀತಿಯಲ್ಲಿ ಎರಡು ಗುರಿ ಇದ್ದವು: 2022ರೊಳಗೆ ದೇಶದ ಹುಟ್ಟುವಳಿಯಲ್ಲಿ ತಯಾರಿಕೆಯ ಪಾಲು ಶೇ 25ಕ್ಕೆ ಏರಬೇಕು, 10 ಕೋಟಿ ಹೊಸ ಕೆಲಸ ಹುಟ್ಟಬೇಕು. ಎರಡೂ ಆಗಲಿಲ್ಲ. ಮೊದಲನೆಯದರ ಬಗ್ಗೆ ಈಗಲೂ ಚರ್ಚೆ ನಡೆಯುತ್ತದೆ. ಎರಡನೆಯದನ್ನು ಯಾರು ಕೇಳುತ್ತಾರೆ? ನಮ್ಮ ಭಾಗಕ್ಕೆ ಹೊಸ ಕಾರ್ಖಾನೆ ಬಂದಾಗಲೂ ಪೇಪರಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಎಷ್ಟು ಕೋಟಿ ಬಂಡವಾಳ ಅಂತ. ಜಾಗ, ರಿಯಾಯಿತಿ ಕೊಡುವಾಗ ಎಷ್ಟು ಕಾಯಂ ಪಗಾರ ಅಂತಲೂ ಕೇಳಿ, ಬರೆಸಿಕೊಂಡು, ಐದು ವರ್ಷದ ನಂತರ ಎಣಿಸಿ ನೋಡಲಿ.

ನನ್ನ ಕೈಲಾದದ್ದನ್ನು ಶುರು ಮಾಡಿದ್ದೇನೆ. ತಿಂಗಳ ಶೀಟಿನಲ್ಲಿ ನನಗಾಗಿ ಒಂದು ಕಾಲಂ ಹೆಚ್ಚಿಗೆ ಹಾಕಿಕೊಂಡೆ: ಬಿಟ್ಟವರು, ಈಗ ಎಲ್ಲಿದ್ದಾರೆ. ಕಳೆದ ವರ್ಷ ನಮ್ಮ ವಿಭಾಗದಿಂದ ಹೋದವರು ಒಂಬತ್ತು ಜನ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮೂವರು ಊರಿಗೆ ಹೋಗಿದ್ದಾರೆ, ಇಬ್ಬರು ನವಲಗುಂದದ ಕಡೆ, ಒಬ್ಬ ಶಿಗ್ಗಾವಿಯ ಹತ್ತಿರ. ಹೊಲದಲ್ಲಿ ಕೆಲಸ ಇದ್ದಾಗ ಇದೆ, ಇಲ್ಲದಾಗ ಇಲ್ಲ. ಇಬ್ಬರು ಆಟೋ ಓಡಿಸುತ್ತಾರೆ. ಒಬ್ಬ ಪಾರ್ಸೆಲ್ ಹಂಚುತ್ತಾನೆ. ಒಬ್ಬ ತಾರಿಹಾಳದಲ್ಲಿ ಸಾಲ ಮಾಡಿ ಹಳೇ ಲೇತ್ ಹಾಕಿಕೊಂಡಿದ್ದಾನೆ, ಅವನ ದನಿಯಲ್ಲಿ ಖುಷಿ ಇತ್ತು. ಉಳಿದ ಇಬ್ಬರ ಫೋನ್ ಹತ್ತಲಿಲ್ಲ.