ನಕ್ಸಲರ ಶರಣಾಗತಿಗೆ ಪ್ಯಾಕೇಜ್ ಬೇಕಿತ್ತೇ?

ಪರ

2025ರ ಜನವರಿ 8ರಂದು ಆರು ಜನ ನಕ್ಸಲರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಶರಣಾದವರಿಗೆ ಸರ್ಕಾರ ದುಡ್ಡು ಕೊಡುವ ಪ್ಯಾಕೇಜ್ ಬೇಕಿತ್ತಾ ಅನ್ನೋದು ಈಗಿನ ಜಗಳ. ಒಂದು ಗುಂಡೂ ಹಾರಲಿಲ್ಲ. ಇದರಲ್ಲೂ ತಪ್ಪು ಹುಡುಕುವವರು 2005ನ್ನು ನೆನಪಿಸಿಕೊಳ್ಳಲಿ. ಆ ಫೆಬ್ರುವರಿಯಲ್ಲಿ ಚಿಕ್ಕಮಗಳೂರಿನ ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಸತ್ತರು. ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಪೊಲೀಸರ ಶಿಬಿರದ ಮೇಲೆ ನಕ್ಸಲರ ದಾಳಿ. ಅಲ್ಲಿ ಸತ್ತ ಪೇದೆಗಳಿಗೂ ಮೆಣಸಿನಹಾಡ್ಯಕ್ಕೂ ಏನು ಸಂಬಂಧ?

ಈ ನಕ್ಸಲ್ ಸಮಸ್ಯೆಯ ಬೇರು ಇರೋದು ಕಾಡಿನ ಜಮೀನಲ್ಲಿ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆಮೇಲೆ ಅಲ್ಲಿನ ಬುಡಕಟ್ಟಿನವರಾದ ಮಲೆಕುಡಿಯರಿಗೆ, ಗೌಡಲುಗಳಿಗೆ ಒಕ್ಕಲೆಬ್ಬಿಸುತ್ತಾರೆ ಅನ್ನೋ ಭಯ ಹಿಡಿಯಿತು. ಬಂದೂಕು ಬಂದದ್ದು ಆ ಭಯದ ಬೆನ್ನಿಗೆ.

ನಮ್ಮ ಮಾವ ಶೃಂಗೇರಿ ಕಡೆ ಸಣ್ಣ ಕಿರಾಣಿ ಅಂಗಡಿ ಇಟ್ಟಿದ್ದರು. ಕೂಂಬಿಂಗ್, ಅಂದರೆ ನಕ್ಸಲರಿಗಾಗಿ ಪೊಲೀಸರು ಕಾಡು ಜಾಲಾಡೋದು, ಜೋರಿದ್ದ ಕಾಲ. ಯಾರಾದರೂ ಜಾಸ್ತಿ ಅಕ್ಕಿ ಒಯ್ದರೆ ಮಾರನೇ ದಿನ ವಿಚಾರಣೆ. ಒಬ್ಬ ಮಗಳ ಮದುವೆಗೆಂದು ಒಂದು ಮೂಟೆ ಒಯ್ದಿದ್ದ. ಪಾಪ, ಲಗ್ನಪತ್ರಿಕೆ ತಂದು ತೋರಿಸಬೇಕಾಯಿತು. ಹಾಗಂತ ರಾತ್ರಿ ಕಾಡಿನಿಂದ ಬಂದವರು ಅಕ್ಕಿ ಕೇಳಿದರೆ ಇಲ್ಲ ಅನ್ನುವ ಧೈರ್ಯ ಮಾವನಿಗೆ ಎಲ್ಲಿತ್ತು? ಸಾಲದ ಪುಸ್ತಕದಲ್ಲಿ ಅದನ್ನು ಯಾರ ಹೆಸರಿಗೆ ಬರೆಯೋದು ಅಂತ ಅತ್ತೆಯ ಜೊತೆ ಪಿಸುಪಿಸು ಮಾತು. ಕೊನೆಗೆ ಸತ್ತುಹೋದ ನೆಂಟರೊಬ್ಬರ ಹೆಸರಿಗೆ ಬರೆಯುತ್ತಿದ್ದರು! ಬೆಂಗಳೂರಲ್ಲಿ ಸೋಫಾ ಮೇಲೆ ಕೂತು ‘ಹೊಡೆದು ಹಾಕಿ’ ಅನ್ನುವವರಿಗೆ ಈ ಲೆಕ್ಕ ಅರ್ಥವಾಗಲ್ಲ.

ಕೊಲೆ ಮಾಡಿದವರಿಗೆ ದುಡ್ಡಾ ಅಂತ ಕೇಳುತ್ತಾರೆ. ಕೇಸು ಕೋರ್ಟಿನಲ್ಲಿ ನಡೆಯುತ್ತೆ ಬಿಡಿ. ಒಂದು ತಿಂಗಳ ಕೂಂಬಿಂಗಿಗೆ ಎಷ್ಟು ಖರ್ಚು ಅಂತ ಯಾರಾದರೂ ಕೇಳಿದ್ದಾರಾ?

ವಿರೋಧ

ಪ್ಯಾಕೇಜನ್ನು ಪೂರ್ತಿ ತಳ್ಳಿಹಾಕುವ ಮನಸ್ಸು ನನಗೂ ಇಲ್ಲ. ಆದರೂ ಈ ಕಡೆಯಿಂದ ಬರೆಯಿರಿ ಅಂದಿದ್ದಾರೆ, ಬರೆಯುತ್ತೇನೆ.

ಗುಂಡು ಹಾರಲಿಲ್ಲವಂತೆ. 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತದ್ದು ಹೇಗೆ ಮತ್ತೆ? ಪೊಲೀಸರ ಗುಂಡಿಗೇ. ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಈ ಆರು ಜನ ಕಾಡಿನಿಂದ ಇಳಿದು ಬಂದರು. ಮುಖ್ಯಮಂತ್ರಿ ಗುಲಾಬಿ ಹೂ ಕೊಟ್ಟ ಕೂಡಲೇ ಎಲ್ಲರೂ ಸಾಧುಗಳಾದರು ಅಂತ ನಂಬುವವರಿಗೆ ಹೇಳೋದೇನು? ಶರಣಾಗುವಾಗ ಕೈಯಲ್ಲಿ ಬಂದೂಕು ಕೂಡ ಇರಲಿಲ್ಲ. ಆಮೇಲೆ ಕೊಪ್ಪದ ಕಾಡಿನಲ್ಲಿ ಸಿಕ್ಕವು.

2008ರಲ್ಲಿ ಸೀತಾನದಿಯ ಶಿಕ್ಷಕರೊಬ್ಬರನ್ನು ನಕ್ಸಲರು ಗುಂಡಿಟ್ಟು ಕೊಂದರು. ಅಂಥ ಮನೆಗಳವರನ್ನು ಯಾರಾದರೂ ಒಂದು ಮಾತು ಕೇಳಿದರಾ? ಅಂಗಡಿಯ ಕಥೆ ಚೆನ್ನಾಗಿದೆ. ಇದಕ್ಕೆ ಅದು ಉತ್ತರವಲ್ಲ.

ಇನ್ನು ದುಡ್ಡು. ಶರಣಾದ ರಾಜ್ಯದ ನಕ್ಸಲರಿಗೆ 7.5 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಅದೇ ಕಾಡಲ್ಲಿದ್ದುಕೊಂಡು ಬಂದೂಕು ಮುಟ್ಟದೆ, ಹಕ್ಕುಪತ್ರಕ್ಕೆ ಅರ್ಜಿ ಹಾಕಿ ತಾಲ್ಲೂಕು ಕಚೇರಿಗೆ ಸುಮ್ನೆ ಅಲೆಯುವವನಿಗೆ ಏನಿದೆ? ಮೊದಲು ಅವನ ಅರ್ಜಿ ವಿಲೇವಾರಿಯಾಗಲಿ. ಶರಣಾದವರ ಹಣವನ್ನು ಕಂತಿನಲ್ಲಿ ಕೊಡುತ್ತಾರೆ, ಅಷ್ಟರಮಟ್ಟಿಗೆ ಸರಿ.